ನಾಲ್ಕು ಗಂಟೆಯ ಮೇಲೆ ನೀರು

ಮೊನ್ನೆ ನಮ್ಮ ಪತ್ರಿಕಾ ಕಚೇರಿಗೆ ಒಂದು ಪೊಟ್ಟಣ ಬಂತು. ಕಾಸರಗೋಡು ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜೊಂದು ಕಳಿಸಿದ್ದು. ಒಳಗೆ ಒಂದು ಪತ್ರಿಕಾ ಹೇಳಿಕೆ, ಅದರ ಜೊತೆಗೆ ಒಂದು ಸ್ಟೀಲಿನ ನೀರಿನ ಬಾಟಲಿ. ಹೊಸದಾಗಿ ಸೇರಿದ ವಿದ್ಯಾರ್ಥಿನಿಯರ ಕ್ಷೇಮಕ್ಕಾಗಿ ಒಂದು ದಿನದ ಶಿಬಿರವಂತೆ. ಉದ್ಘಾಟನೆ, ಮುಖ್ಯ ಅತಿಥಿ, ಮನೋಲ್ಲಾಸದ ಆಟಗಳು, ಆಮೇಲೆ ಚಹಾ. ಬಾಟಲಿಯ ಹೊಟ್ಟೆಯ ಮೇಲೆ, ದಿನವಿಡೀ ನೀರು ಕುಡಿಯಿರಿ ಎಂದು ನೀಲಿ ಅಕ್ಷರದಲ್ಲಿ ಮಲಯಾಳದಲ್ಲಿ ಅಚ್ಚು ಹಾಕಿಸಿದ್ದರು. ಪತ್ರಕರ್ತರಿಗೆ ಬರುವ ಉಡುಗೊರೆಗಳಲ್ಲಿ ಉಪಯೋಗಕ್ಕೆ ಬೀಳುವಂಥವು ಅಪರೂಪ. ಪಕ್ಕದ ಮೇಜಿನವರು ಆಗಲೇ ಅದರ ಮೇಲೆ ಕಣ್ಣು ಹಾಕಿದ್ದರು. ಕೊಟ್ಟುಬಿಟ್ಟೆ.

ಇಂಥ ಹೇಳಿಕೆಗಳನ್ನು ಕತ್ತರಿಸುವುದು ನನ್ನ ಕೆಲಸ. ಮೊದಲು ವಿಶೇಷಣಗಳು ಹೋಗುತ್ತವೆ, ಆಮೇಲೆ ವೇದಿಕೆಯಲ್ಲಿ ಕೂತವರ ಹೆಸರುಗಳು, ಕೊನೆಗೆ ಧನ್ಯವಾದ ಹೇಳಿದವರು. ಉಳಿದದ್ದು ಸುದ್ದಿ. ಆದರೆ ಈ ಹೇಳಿಕೆಯ ಎದುರು ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ. ಅದು ನಾನು ಓದಿದ ಕಾಲೇಜು. ಅಲ್ಲಿ ನಮಗೆ ಮೊದಲ ದಿನವೇ ಕಲಿಸಿದ ಪಾಠ, ನೀರು ಕುಡಿಯಬಾರದು ಎಂಬುದು.

ನಾನು ಇಂಜಿನಿಯರಿಂಗ್ ಓದಿದವಳು ಎಂದರೆ ಈಗ ಕಚೇರಿಯಲ್ಲಿ ಯಾರೂ ನಂಬುವುದಿಲ್ಲ. ಅವರ ಸಂಶಯದಲ್ಲಿ ನ್ಯಾಯವಿದೆ. ಮೆಕ್ಯಾನಿಕಲ್ ಪದವಿ ಪಡೆದ ನನಗೆ ಮನೆಯ ಮಿಕ್ಸಿ ಕೆಟ್ಟರೆ, ಅದು ಕೆಟ್ಟಿದೆ ಎಂದಷ್ಟೇ ಗೊತ್ತಾಗುತ್ತದೆ. ಆದರೆ ಒಂದು ವಿಷಯದಲ್ಲಿ ನನ್ನಷ್ಟು ಪರಿಣತರು ಜಿಲ್ಲೆಯಲ್ಲಿ ಕಡಿಮೆ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಯಾವ ಸಭಾಭವನದಲ್ಲಿ, ಯಾವ ಬಸ್‌ಸ್ಟ್ಯಾಂಡಿನಲ್ಲಿ, ಯಾವ ಪಂಚಾಯತು ಕಚೇರಿಯಲ್ಲಿ ಹೆಂಗಸರು ಧೈರ್ಯವಾಗಿ ಹೋಗಬಹುದಾದ ಶೌಚಾಲಯ ಉಂಟು, ಅದರ ಚಿಲಕ ನೆಟ್ಟಗಿದೆಯೇ, ನೀರು ಬರುತ್ತದೆಯೇ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ವರದಿಗೆ ಹೋದಲ್ಲಿ ಸಹೋದ್ಯೋಗಿಗಳು ಮೊದಲು ಮೈಕು ಎಲ್ಲಿದೆ ಎಂದು ನೋಡುತ್ತಾರೆ. ನಾನು ಮೊದಲು ನೋಡುವುದು ಬೇರೆ. ನಾಲ್ಕು ವರ್ಷದ ಓದು ನನ್ನ ಮೈಯಲ್ಲಿ ಉಳಿಸಿ ಹೋದದ್ದು ಇದೊಂದನ್ನೇ.

ಕಾಲೇಜು ಶುರುವಾಗಿ ಮೂರ್ನಾಲ್ಕು ವರ್ಷವಷ್ಟೇ ಆಗಿತ್ತು. ಕೆಂಪುಕಲ್ಲಿನ ಬೋಳು ಪದವಿನ ಮೇಲೆ, ಅಂದರೆ ಗುಡ್ಡದ ನೆತ್ತಿಯ ಬಯಲಿನಲ್ಲಿ, ಉದ್ದಕ್ಕೆ ಒಂದು ಕಟ್ಟಡ, ಅದರಾಚೆ ತಗಡಿನ ಮಾಡಿನ ವರ್ಕ್‌ಶಾಪು. ಮರ ಎಂಬುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಕಲ್ಲು ಕಾದು ಕಣ್ಣಿಗೆ ಹೊಡೆಯುತ್ತಿತ್ತು. ಹುಡುಗಿಯರ ಹಾಸ್ಟೆಲು ಎರಡನೆಯ ಹಂತದಲ್ಲಿ ಬರುತ್ತದೆ ಎಂದಿದ್ದರು. ಹುಡುಗಿಯರ ಶೌಚಾಲಯವೂ ಎರಡನೆಯ ಹಂತದ್ದೇ. ಮೊದಲ ಹಂತದಲ್ಲಿ ಇದ್ದದ್ದು ಆಫೀಸಿನ ಪಕ್ಕದಲ್ಲಿ ಒಂದೇ ಒಂದು, ಅಧ್ಯಾಪಿಕೆಯರಿಗೆಂದು ಕಟ್ಟಿದ್ದು. ಕಟ್ಟಡದ ಕೆಲಸದವರು ಬಳಸುತ್ತಾರೆ ಎಂದು ಅದಕ್ಕೆ ಬೀಗ ಹಾಕಿದ್ದರು. ಬೀಗದ ಕೈ ಆಫೀಸಿನಲ್ಲಿ, ಪ್ಯೂನಿನ ತಲೆಯ ಮೇಲಿನ ಮೊಳೆಯಲ್ಲಿ.

ಆ ಕೀಲಿಯ ಬಗ್ಗೆ ಸ್ವಲ್ಪ ಹೇಳಬೇಕು. ಯಾರೋ ಒಮ್ಮೆ ಅದನ್ನು ಕಳೆದುಹಾಕಿದರಂತೆ. ಮತ್ತೆ ಕಳೆಯಬಾರದೆಂದು ಅದಕ್ಕೆ ಒಂದು ಮರದ ತುಂಡು ಕಟ್ಟಿದ್ದರು. ಸಣ್ಣ ತುಂಡಲ್ಲ. ಕಾರ್ಪೆಂಟ್ರಿ ತರಗತಿಯಲ್ಲಿ ಎರಡು ಮರಗಳನ್ನು ಟಿ ಆಕಾರಕ್ಕೆ ಜೋಡಿಸಲು ಕಲಿಸುತ್ತಾರೆ. ಹಾಗೆ ಯಾರೋ ಹುಡುಗ ಮಾಡಿದ್ದ ಒಂದು ಜೋಡಣೆ, ಮೊಳದಷ್ಟು ಉದ್ದದ್ದು. ಅದನ್ನು ಯಾವ ಚೀಲದಲ್ಲೂ ಅಡಗಿಸುವಂತಿರಲಿಲ್ಲ. ಕೀಲಿ ಬೇಕಾದವಳು ಆಫೀಸಿಗೆ ಹೋಗಿ ಪ್ಯೂನಿನ ಹತ್ತಿರ ಕೇಳಬೇಕು. ಆತ, “ಬೇಗ ತರಬೇಕು ಆಯ್ತಾ,” ಎಂದು ಕೊಟ್ಟದ್ದನ್ನು ಎತ್ತಿ ಹಿಡಿದುಕೊಂಡು, ಉದ್ದದ ಜಗಲಿಯ ಎರಡೂ ಬದಿಯಲ್ಲಿ ಸಾಲಾಗಿ ಕೂತಿರುವ ಹುಡುಗರ ನಡುವೆ ನಡೆಯಬೇಕು. ಹುಡುಗರು ಅದಕ್ಕೆ ‘ಕಪ್’ ಎಂದು ಹೆಸರಿಟ್ಟಿದ್ದರು.

“ಇವತ್ತು ಕಪ್ ಯಾರಿಗೆ?”

“ಮೆಕ್ಯಾನಿಕಲ್‌ಗೆ ಮಾರಾಯ! ಎರಡನೇ ಸಲ!”

ಚಪ್ಪಾಳೆ. ಒಬ್ಬಳು ಒಮ್ಮೆ ಆ ಜಗಲಿ ದಾಟಿದರೆ ಮತ್ತೆ ಕೇಳಲು ಹೋಗುತ್ತಿರಲಿಲ್ಲ. ಹುಡುಗರಲ್ಲಿ ಕೆಟ್ಟವರು ಇದ್ದರು ಎಂದು ನಾನು ಬರೆಯಲಾರೆ. ಹೆಚ್ಚಿನವರು ಒಳ್ಳೆಯ ಮನೆಗಳ ಮಕ್ಕಳು, ನಗಿಸುವುದರಲ್ಲಿ ಜಾಣರು. ಅವರಲ್ಲಿ ಒಬ್ಬ ಈಗ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ.

ನಾವು ಆರೇಳು ಹುಡುಗಿಯರು ಪದವಿನ ಕೆಳಗೆ ಒಂದು ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆವು. ನಮಗಿಂತ ಒಂದು ವರ್ಷ ದೊಡ್ಡವಳಾದ ಶೈಜಾ ಎಂಬವಳು ನಮ್ಮೆಲ್ಲರ ಮೇಲ್ವಿಚಾರಕಿ. ಪಯ್ಯನ್ನೂರು ಕಡೆಯವಳು, ಅಕ್ಕ ಎಂಬುದಕ್ಕೆ ಅವರ ಮಾತಿನಲ್ಲಿ ಚೇಚಿ, ನಾವೂ ಹಾಗೇ ಎನ್ನುತ್ತಿದ್ದೆವು. ಮೊದಲ ದಿನ ನಾವು ಹೊರಡುವಾಗ ಅವಳು ಮೆಟ್ಟಿಲ ಬುಡದಲ್ಲಿ ನಿಂತು ತನಗೆ ಬರುವ ಅರ್ಧ ಕನ್ನಡದಲ್ಲಿ ನಿಯಮ ಹೇಳಿದಳು.

“ಬೆಳಿಗ್ಗೆ ಅರ್ಧ ಗ್ಲಾಸ್ ಚಾಯ. ಇಡ್ಲಿ ಓಕೆ, ಸಾಂಬಾರು ಬೇಡ, ದಾಹ ಆಗ್ತದೆ. ಮತ್ತೆ ನೀರು ನಾಲ್ಕು ಗಂಟೆ ಮೇಲೆ. ಮನಸ್ಸಿಲಾಯೋ, ಗೊತ್ತಾಯ್ತಾ?”

“ಮಧ್ಯದಲ್ಲಿ ದಾಹ ಆದ್ರೆ?” ಎಂದು ಕೇಳಿದವಳು ಪ್ರಮೀಳಾ.

“ಬಾಯಿ ತೊಳೆ. ನುಂಗಬೇಡ.”

ಅವಳಿಗೂ ಯಾರೋ ಹೀಗೆಯೇ ಹೇಳಿಕೊಟ್ಟಿರಬೇಕು. ಹಿರಿಯರು ಕಿರಿಯರಿಗೆ ಹಳೆಯ ಪ್ರಶ್ನೆಪತ್ರಿಕೆ ದಾಟಿಸುವಂತೆ ಇದೂ ದಾಟುತ್ತಿತ್ತು. ಹೇಳುವವರ ದನಿಯಲ್ಲಿ ಪ್ರೀತಿಯೇ ಇತ್ತು.

ಪ್ರಮೀಳಾ ದೇಲಂಪಾಡಿಯವಳು. ಆ ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ನಾವಿಬ್ಬರೇ ಆದ್ದರಿಂದ ಗೆಳೆತನಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ. ಅಪ್ಪ ಅಬುಧಾಬಿಯಲ್ಲಿ, ಮನೆಯ ತೀರ್ಮಾನಗಳೆಲ್ಲ ಅಮ್ಮನ ಅಣ್ಣ ಸುಂದರ ಮಾವನದ್ದು. ಅವರಿಗೆ ಮುಳ್ಳೇರಿಯ ಪೇಟೆಯಲ್ಲಿ ಕಾಳುಮೆಣಸಿನ ವ್ಯಾಪಾರ. ಹುಡುಗಿಗೆ ಮೆಕ್ಯಾನಿಕಲ್ ಯಾಕೆ, ಕಂಪ್ಯೂಟರ್ ಕೊಡಿಸಿ ಎಂದು ಊರೆಲ್ಲ ಹೇಳಿದಾಗ, “ಅವಳಿಗೆ ಬೇಕಾದ್ದು ಅವಳು ಓದಲಿ,” ಎಂದು ಸೀಟು ಹಿಡಿದವರು ಅವರೇ. ಇದನ್ನು ಇಲ್ಲಿ ದಾಖಲಿಸುತ್ತೇನೆ, ಯಾಕೆಂದರೆ ಮುಂದೆ ಓದುವಾಗ ಅವರ ಮೇಲೆ ನಿಮಗೆ ಸಿಟ್ಟು ಬರಬಹುದು.

ಅವಳಿಗೆ ಯಂತ್ರಗಳೆಂದರೆ ನಿಜವಾದ ಆಸೆ. ಲೇಥ್ ಯಂತ್ರದ ಮುಂದೆ ನಿಂತರೆ ಮುಖವೇ ಬೇರೆಯಾಗುತ್ತಿತ್ತು. ಕಬ್ಬಿಣದ ಸುರುಳಿ ಸುರುಳಿ ಸಿಪ್ಪೆ ಏಳುವುದನ್ನು ನೋಡಿ, “ಹಲಸಿನ ಹಪ್ಪಳದ ಹಾಗೆ ಉಂಟಲ್ಲ!” ಎನ್ನುತ್ತಿದ್ದಳು. ನನಗೆ ಹಾಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಗಡಿಯಾರ. ಶಾಖ ಹೊಡೆಯುವ ತಗಡಿನ ಅಡಿಯಲ್ಲಿ, ಕುಲುಮೆಯ ಪಕ್ಕ, ದಪ್ಪ ಖಾಕಿ ಕೋಟಿನೊಳಗೆ ಬೆವರಿಳಿಸುತ್ತ, ಹನಿ ನೀರು ಕುಡಿಯದೆ ಮೂರು ತಾಸು. ನಾಲ್ಕು ಹೊಡೆದೊಡನೆ ನಾವು ಪದವು ಇಳಿಯುತ್ತಿದ್ದ ವೇಗವನ್ನು ನೋಡಿದ ಬಾಡಿಗೆಮನೆಯ ಅಮ್ಮ, ಈ ಮಕ್ಕಳಿಗೆ ಎಂಥ ಹಸಿವು ಎಂದು ಅವಲಕ್ಕಿ ಕಲಸಿ ಇಡುತ್ತಿದ್ದರು.

ಆ ವರ್ಷವೂ ಹೊಸ ವಿದ್ಯಾರ್ಥಿನಿಯರಿಗೆಂದು ಒಂದು ಕ್ಷೇಮ ತರಗತಿ ಇತ್ತು. ಇದು ಈಗಿನವರ ಆವಿಷ್ಕಾರವಲ್ಲ. ಕೋಝಿಕ್ಕೋಡಿನಿಂದ ಒಬ್ಬರು ಮೇಡಂ ಬಂದಿದ್ದರು. ಉಸಿರು ಹೇಗೆ ಎಳೆದುಕೊಳ್ಳಬೇಕು, ಮನೆಯ ನೆನಪಾದರೆ ಏನು ಮಾಡಬೇಕು, ಹುಡುಗರ ಜೊತೆ ಎಷ್ಟು ಮಾತಾಡಬೇಕು ಎಂದೆಲ್ಲ ಹೇಳಿದರು. ಕೊನೆಗೆ ಏನಾದರೂ ಸಂಶಯವಿದೆಯೇ ಎಂದು ಕೇಳಿದರು. ಕೇಳಬಾರದಿತ್ತು. ಪ್ರಮೀಳಾ ಎದ್ದು ನಿಂತಳು.

“ಮೇಡಂ, ಟಾಯ್ಲೆಟಿನ ಕೀಲಿ ನಮ್ಮ ಕೈಯಲ್ಲೇ ಇರ್ಲಿಕ್ಕೆ ಆಗ್ತದಾ?”

ಬಾಗಿಲ ಹತ್ತಿರ ಕುರ್ಚಿ ಜೋಡಿಸಲು ನಿಂತಿದ್ದ ಹುಡುಗರಿಂದ ನಗು ಶುರುವಾಗಿ ಮುಂದಿನ ಸಾಲಿನ ಅಧ್ಯಾಪಕರವರೆಗೆ ಬಂತು. ಮೇಡಂ ನಗಲಿಲ್ಲ. ಮಗಳನ್ನು ಕರೆದಂತೆ ಮೃದುವಾಗಿ, “ಇಂಥದ್ದನ್ನೆಲ್ಲ ವೈಯಕ್ತಿಕವಾಗಿ ಬಂದು ಹೇಳಬೇಕು ಮೋಳೇ,” ಎಂದರು. ಮೇಡಂಗೆ ಮಧ್ಯಾಹ್ನದ ರೈಲು ಇತ್ತು. ಅವರು ಹೊರಟ ಮೇಲೆ ವೈಯಕ್ತಿಕವಾಗಿ ಹೇಳಲು ಯಾರೂ ಉಳಿಯಲಿಲ್ಲ. ಅಂದಿನಿಂದ ಪ್ರಮೀಳಾ ಜಗಲಿಯಲ್ಲಿ ಬಂದರೆ ಸಾಕು, ಕೈಯಲ್ಲಿ ಏನಿಲ್ಲದಿದ್ದರೂ, “ಕ್ಯಾಪ್ಟನ್ ಬಂದ್ಲು!” ಎನ್ನುತ್ತಿದ್ದರು. ಅವಳು ತಿರುಗಿ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದಳು. ಅಂಥವಳು. ಆದರೆ ಕೀಲಿ ಕೇಳಲು ಅವಳೂ ಹೋಗಲಿಲ್ಲ.

ಜನವರಿ ಕಳೆದು ಬಿಸಿಲೇರುತ್ತ ಅವಳಿಗೆ ಜ್ವರ ಬರತೊಡಗಿತು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಸೊಂಟದ ಹಿಂದೆ ನೋವು. ಉರಿ. ಮೊದಮೊದಲು ಬಾರ್ಲಿ ನೀರು, ಸೀಯಾಳ, ಅದೂ ನಾಲ್ಕರ ಮೇಲೆ. ಆಮೇಲೆ ಒಂದು ಶನಿವಾರ ಮಧ್ಯಾಹ್ನ, ಅವಳು ಊರಿಗೆ ಬಸ್ಸು ಹತ್ತುವ ಮೊದಲು ಕಾಸರಗೋಡು ಪೇಟೆಯ ಒಬ್ಬ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ವಯಸ್ಸಾದ ಡಾಕ್ಟರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದರು. ಹೇಳಿದಳು. ಅವರು ಪೆನ್ನು ಕೆಳಗಿಟ್ಟರು.

“ಬುದ್ಧಿ ಉಂಟಾ ನಿಂಗೆ? ಇಂಜಿನಿಯರ್ ಆಗುವವಳು! ಮೋಟಾರು ನೀರಿಲ್ಲದೆ ಓಡಿದ್ರೆ ಎಂತ ಆಗ್ತದೆ?”

“ಸುಟ್ಟು ಹೋಗ್ತದೆ.”

“ಹಾಂ. ಮೂತ್ರ ಟೆಸ್ಟ್ ಮಾಡಿಸಿ ಬಾ.”

ಲ್ಯಾಬು ಬಸ್‌ಸ್ಟ್ಯಾಂಡಿನ ಹತ್ತಿರ, ಅಂಗಡಿಗಳ ಸಾಲಿನಲ್ಲಿ ಒಂದು ಕೋಣೆ. ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ಒಳಗೆ ಕೊಟ್ಟು, ರಿಪೋರ್ಟಿಗಾಗಿ ಬೆಂಚಿನಲ್ಲಿ ಕೂತಿದ್ದೆವು. ಆಗ ಒಳಗೆ ಬಂದವರು ಗಿರಿಜಕ್ಕ, ಪ್ರಮೀಳಾಳ ಮನೆಯಿಂದ ಎರಡು ಗದ್ದೆ ಆಚೆಯವರು. ಶುಗರು ನೋಡಿಸಲು ಬಂದಿದ್ದರು.

“ಎಂತ ಪ್ರಮೀ, ನೀನು ಇಲ್ಲಿ? ಕಾಲೇಜಿಲ್ವಾ?”

“ಇವತ್ತು ಮಧ್ಯಾಹ್ನದವರೆಗೆ ಅಕ್ಕ.”

“ಎಂತ ಟೆಸ್ಟು?”

ಆಗಲೇ ಒಳಗಿನಿಂದ ಹುಡುಗಿಯೊಬ್ಬಳು ಇಣುಕಿ, “ಯೂರಿನ್ ಕೊಟ್ಟ ಪ್ರಮೀಳಾ ಯಾರು? ವಯಸ್ಸೆಷ್ಟು?” ಎಂದು ಕೂಗಿದಳು. ಪ್ರಮೀಳಾ ವಯಸ್ಸು ಹೇಳಿದಳು. ಆಮೇಲೆ ಗಿರಿಜಕ್ಕನ ಕಡೆ ತಿರುಗಿ, ನಗುತ್ತಲೇ, ಒಂದು ಮಾತು ಹೇಳಿದಳು: “ಮನೆಯಲ್ಲಿ ಹೇಳ್ಬೇಡಿ ಅಕ್ಕ. ಅಮ್ಮ ಸುಮ್ಮನೆ ಹೆದರ್ತಾರೆ.”

ಅವಳು ಹೇಳಿದ್ದು ಜ್ವರದ ವಿಷಯ. ಕೇಳಿದವರಿಗೆ ಹಾಗೆ ಕೇಳಿಸಲಿಲ್ಲ. ನಮ್ಮ ಕಡೆ ಆ ಕಾಲದಲ್ಲಿ ಮದುವೆಯಾಗದ ಹುಡುಗಿಯ ಮೂತ್ರ ಪರೀಕ್ಷೆ ಎಂದರೆ ಒಂದೇ ಅರ್ಥ. ಮನೆಯಿಂದ ದೂರ, ಪೇಟೆಯ ಲ್ಯಾಬಿನಲ್ಲಿ, ಗೆಳತಿಯ ಜೊತೆ, ಮನೆಯಲ್ಲಿ ಹೇಳಬೇಡಿ ಎನ್ನುವ ಹುಡುಗಿ, ಇನ್ನೇನು ಬೇಕು? ಗಿರಿಜಕ್ಕ, “ಇಲ್ಲ ಇಲ್ಲ, ನಾನು ಎಂತಕ್ಕೆ ಹೇಳ್ಲಿ?” ಎಂದು ಅವಳ ಕೈ ಹಿಡಿದು ಅದುಮಿದರು. ಆ ಅದುಮುವಿಕೆಯಲ್ಲಿ ಮರುಕವಿತ್ತು. ಒಂದೇ ಬಸ್ಸಿನಲ್ಲಿ ಇಬ್ಬರೂ ಊರಿಗೆ ಹೋದರು. ಪ್ರಮೀಳಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳಂತೆ. ಅದಕ್ಕೂ ಅರ್ಥ ಹುಟ್ಟಿತು. ತಲೆತಿರುಗು ಎಂದರು.

ರಿಪೋರ್ಟು ಸ್ಪಷ್ಟವಾಗಿತ್ತು: ಸೋಂಕು. ಮಾತ್ರೆ, ವಿಶ್ರಾಂತಿ, ಧಾರಾಳ ನೀರು.

ಮಂಗಳವಾರದೊಳಗೆ ಮಾತು ಊರೆಲ್ಲ ಹಬ್ಬಿ, ಸುಂದರ ಮಾವ ಅವಳನ್ನು ಕಾಲೇಜು ಬಿಡಿಸಲು ಬಾಡಿಗೆಮನೆಗೆ ಬಂದರು. ಪ್ರಮೀಳಾಳೂ ಜೊತೆಗಿದ್ದಳು, ಬಟ್ಟೆ ಕಟ್ಟಿಕೊಳ್ಳಲು. ಮಾವ ಮಾಳಿಗೆ ಹತ್ತಿ ಬರಲಿಲ್ಲ. ಹುಡುಗಿಯರಿರುವ ಜಾಗವೆಂದು ಕೆಳಗಿನ ಚಾವಡಿಯಲ್ಲೇ ಕೂತರು. ನನ್ನನ್ನು ಕರೆಸಿದರು.

“ನೀನು ಜೊತೆಗೆ ಇದ್ದಿಯಲ್ಲ ಮಗಳೇ. ಡಾಕ್ಟ್ರು ಎಂತ ಹೇಳಿದ್ದು?”

ಹೇಳಿದೆ. ನೀರಿನ ವಿಷಯ, ಕೀಲಿಯ ವಿಷಯ, ಜಗಲಿಯ ವಿಷಯ, ಎಲ್ಲವನ್ನೂ. ಅವರು ತಲೆ ತಗ್ಗಿಸಿ ಕೇಳಿದರು. ಹೆಣ್ಣುಮಕ್ಕಳ ಈ ಕಷ್ಟ ಒಬ್ಬ ಗಂಡಸಿನ ಕಿವಿಗೆ ಬೀಳುವುದೇ ತಪ್ಪೆಂಬಂತೆ ಅವರ ಕಿವಿ ಕೆಂಪಾಗಿತ್ತು.

“ನನಗೆ ಅವಳ ಮೇಲೆ ಸಂಶಯ ಇಲ್ಲ,” ಎಂದರು. “ರಿಪೋರ್ಟು ನಾನೇ ಓದಿದ್ದೇನೆ. ಡಾಕ್ಟ್ರಿಗೆ ಫೋನು ಸಹ ಮಾಡಿದ್ದೇನೆ.”

“ಮತ್ತೆ ಎಂತಕ್ಕೆ ಬಿಡಿಸುದು ಮಾವ?” ಪ್ರಮೀಳಾ ಮೆಟ್ಟಿಲ ಮೇಲಿಂದಲೇ ಕೇಳಿದಳು.

“ಊರಿಗೆ ಯಾರು ಓದಿ ಹೇಳುದು ಪ್ರಮೀ? ಆ ಕಾಗದ ಹಿಡ್ಕೊಂಡು ಮನೆ ಮನೆಗೆ ಹೋಗ್ಲಿಕ್ಕೆ ಆಗ್ತದಾ?”

“ಹೋಗುವ. ನಾನೇ ಬರ್ತೇನೆ. ಗಿರಿಜಕ್ಕನ ಮನೆಯಿಂದ ಶುರು ಮಾಡುವ.”

“ನೀನು ಹೋದ್ರೆ ಇನ್ನೊಂದು ಮಾತು ಹುಟ್ತದೆ.”

“ಹೋಗದಿದ್ರೆ?”

ಮಾವ ನನ್ನ ಕಡೆ ನೋಡಿ, “ನೀನು ಇಲ್ಲಿದ್ದರೆ ಊರು ಹೇಳಿದ್ದು ಹೌದು ಅಂತಾಗ್ತದೆ. ಮನೆಗೆ ಬಂದು ಕಣ್ಣೆದುರು ಇದ್ದರೆ, ನಾಲ್ಕು ತಿಂಗಳಲ್ಲಿ ಅವರೇ ನೋಡ್ತಾರಲ್ಲ,” ಎಂದರು. ಮಾತು ಅವಳಿಗೆ, ಕಣ್ಣು ನನ್ನ ಮೇಲೆ. ನೋಡುತ್ತಾರೆ ಎಂದರೆ ಏನನ್ನು ಎಂದು ನಮ್ಮಿಬ್ಬರಿಗೂ ಗೊತ್ತಾಯಿತು. ಅವಳ ಹೊಟ್ಟೆಯನ್ನು. ತನಗೆ ಪೂರ್ತಿ ನಂಬಿಕೆಯಿದ್ದ ಸೋದರಸೊಸೆಯನ್ನು ಊರಿನ ಪರಿಶೀಲನೆಗೆ ನಿಲ್ಲಿಸಲು ಅವರು ಕರೆದುಕೊಂಡು ಹೊರಟಿದ್ದರು. ಅದು ಅವಳ ಮಾನ ಉಳಿಸುವ ದಾರಿ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಪ್ರಮೀಳಾ ಅಳಲಿಲ್ಲ. ಖಾಕಿ ಕೋಟನ್ನು ಮಡಚಿ ನನ್ನ ಕೈಗಿತ್ತಳು. “ನಿನ್ನದು ತೋಳು ಹರಿದಿದೆಯಲ್ಲ, ಇದು ಹಾಕು,” ಎಂದಳು. ಆಮೇಲೆ, “ಪರೀಕ್ಷೆಗೆ ಬರ್ತೇನೆ ನೋಡು. ನಾಲ್ಕು ತಿಂಗಳು ಅಲ್ವಾ?” ಎಂದಳು.

ಕಾಲೇಜಿನ ಆಫೀಸು ಆ ದಿನ ಬಹಳ ಚುರುಕಾಗಿ ಕೆಲಸ ಮಾಡಿತು. ಬಿಡುವ ಕಾರಣದ ಜಾಗದಲ್ಲಿ ‘ವೈಯಕ್ತಿಕ’ ಎಂದು ಬರೆಯಿಸಿಕೊಂಡರು. ಮುಂದಿನ ವಾರ ನೋಟೀಸು ಬೋರ್ಡಿನಲ್ಲಿ ಒಂದು ಸೂಚನೆ ಬಂತು: ಹೊರಗೆ ಬಾಡಿಗೆಗಿರುವ ವಿದ್ಯಾರ್ಥಿನಿಯರು ಚಿಕಿತ್ಸೆಗೆ ಪೇಟೆಗೆ ಹೋಗುವುದಾದರೆ ಹೆತ್ತವರ ಅನುಮತಿ ತರತಕ್ಕದ್ದು. ಸಂಸ್ಥೆ ಈ ಪ್ರಕರಣದಿಂದ ಕಲಿತದ್ದು ಇದು.

ಅವಳು ಪರೀಕ್ಷೆಗೆ ಬರಲಿಲ್ಲ. ನಾಲ್ಕು ತಿಂಗಳು ಕಳೆಯಿತು, ಊರು ನೋಡಿತು, ಏನೂ ಇರಲಿಲ್ಲ. ಆದರೆ ಊರಿನ ಮಾತು ಹಾಗೆಲ್ಲ ಸೋಲುವುದಿಲ್ಲ. ಏನೂ ಇಲ್ಲದಿದ್ದರೆ, ಇದ್ದದ್ದನ್ನು ತೆಗೆಸಿದರು ಎಂದಾಯಿತು. ಮಳೆಗಾಲ ಮುಗಿಯುವುದರೊಳಗೆ ಸುಳ್ಯದ ಆಚೆಗೆ, ಈ ಸುದ್ದಿ ತಲಪದ ಒಂದು ಮನೆಗೆ ಮದುವೆ ಮಾಡಿ ಕೊಟ್ಟರು. ತರಗತಿಯಲ್ಲಿ ಹಾಜರಿ ಕೂಗುವಾಗ ನನ್ನ ಹಿಂದಿನದಾದ ಅವಳ ಸಂಖ್ಯೆಯನ್ನು ಬಿಟ್ಟು ಹೋಗುತ್ತಿದ್ದರು. ನಡುವೆ ಬಿಟ್ಟ ಸೀಟಿಗೆ ಬೇರೆಯವರನ್ನು ತುಂಬುವ ನಿಯಮವಿರಲಿಲ್ಲ. ನಮ್ಮ ಓದು ಮುಗಿಯುವವರೆಗೂ ಅದು ಖಾಲಿಯೇ ಇತ್ತು.

ಹೇಳಿಕೆಯನ್ನು ಮೇಜಿನ ಮೇಲಿಟ್ಟು ನಾನು ಅವಳಿಗೆ ಫೋನು ಮಾಡಿದೆ. ವರ್ಷಕ್ಕೊಮ್ಮೆ ಇಬ್ಬರಲ್ಲಿ ಒಬ್ಬರು ಮಾಡುತ್ತೇವೆ. ಮಕ್ಕಳ ವಿಷಯ, ಮಳೆಯ ವಿಷಯ. ಕಾಲೇಜಿನ ಮಾತು ಬರುವುದಿಲ್ಲ. ಈ ಸಲ ನಾನೇ ತೆಗೆದೆ. ಇಂಥ ಶಿಬಿರವಂತೆ ಎಂದು ಓದಿ ಹೇಳಿದೆ. ಅವಳು ಗಟ್ಟಿಯಾಗಿ ನಕ್ಕಳು.

“ಹಾಕು ಮಾರಾಯ್ತಿ, ದೊಡ್ಡದಾಗಿ ಹಾಕು. ಫೋಟೋ ಸಮೇತ.”

“ನಿಂಗೆ ಸಿಟ್ಟು ಬರುದಿಲ್ವಾ?”

“ಆಗ ಬರ್ತಿತ್ತು. ಗೊತ್ತುಂಟಾ, ಅಮ್ಮನ ಮನೆಯಲ್ಲಿ ಕಕ್ಕೂಸು ಅಂಗಳದಾಚೆ, ಊರಿನ ಕಣ್ಣೆಲ್ಲ ನನ್ನ ಮೇಲೆ, ಅಲ್ಲೂ ನೀರು ಕಡಿಮೆಯೇ ಕುಡಿದದ್ದು. ಮದುವೆಯಾಗಿ ಇಲ್ಲಿಗೆ ಬಂದು ಒಂದೇ ತಿಂಗಳಲ್ಲಿ ನನ್ನ ಜ್ವರ ಹೋಯ್ತು. ನೋವೂ ಹೋಯ್ತು. ಹಿತ್ತಿಲ ಬಾಗಿಲು ತೆಗೆದ್ರೆ ಕಕ್ಕೂಸು. ಯಾರನ್ನೂ ಕೇಳ್ಬೇಕು ಅಂತಿಲ್ಲ. ಚೆಂಬು ಚೆಂಬು ನೀರು ಕುಡಿದೆ. ಅಷ್ಟೇ ಮದ್ದು.”

“ಅಷ್ಟೇ.”

“ಆದ್ರೆ ಊರಲ್ಲಿ ಎಂತ ಹೇಳಿದ್ರು ಹೇಳು? ಮದುವೆ ಆದದ್ದೇ ಹುಡುಗಿಗೆ ಗುಣ ಆಯ್ತು ಅಂತ. ಓದು ಮೈಗೆ ಹಿಡಿಯಲಿಲ್ಲ, ಸಂಸಾರ ಹಿಡಿಯಿತು ಅಂತ. ಆಮೇಲೆ ಅಲ್ಲಿ ಯಾವ ಹುಡುಗಿ ಕಾಲೇಜಿಗೆ ಹೋಗಿ ಸೊರಗಿದ್ರೂ ನನ್ನ ಹೆಸ್ರು. ಪ್ರಮೀಳನ್ನ ನೋಡಿ, ಹೇಗಿದ್ದವಳು ಹೇಗಾದ್ಲು! ಹಾಗೆ ಹೇಳಿ ಹೇಳಿ ಇಬ್ಬರನ್ನು ನಡುವಲ್ಲೇ ಬಿಡಿಸಿ ಮದುವೆ ಮಾಡಿದ್ರು.”

“ಹಾಗೆ ಹೇಳಿದ್ದು ಗಿರಿಜಕ್ಕನಾ?”

“ಛೆ, ಗಿರಿಜಕ್ಕ ಅಲ್ಲ. ನನ್ನ ಅಮ್ಮ.” ಅವಳ ದನಿಯಲ್ಲಿ ನಗು ಇನ್ನೂ ಇತ್ತು, ಆದರೆ ತೆಳ್ಳಗಾಗಿತ್ತು. “ಪಾಪ, ಅವರಿಗೆ ಮಗಳ ಮೇಲಿನ ಮಾತು ತೊಳೀಬೇಕಿತ್ತು. ಕಾಯಿಲೆಯೇ ಆಗಿತ್ತು, ಮದುವೆಯಿಂದ ಹೋಯ್ತು ಅಂತ ಎಲ್ಲರ ಹತ್ರ ಹೇಳಿದ್ರು. ಜನ ನಂಬಿದ್ರು. ನಂಗೆ ಗೊತ್ತಾಗುವಾಗ ಆ ಮಕ್ಕಳ ಮದುವೆ ಆಗಿತ್ತು.”

ಇಷ್ಟು ವರ್ಷ ನನ್ನ ಸಿಟ್ಟೆಲ್ಲ ಗಿರಿಜಕ್ಕನ ನಾಲಿಗೆಯ ಮೇಲಿತ್ತು. ಒಬ್ಬ ವ್ಯಕ್ತಿಯ ಮೇಲೆ ಸಿಟ್ಟಿಟ್ಟುಕೊಳ್ಳುವುದು ಸುಲಭ, ವರದಿಗೂ ಅನುಕೂಲ. ಈಗ ಎಣಿಸಿದರೆ ಈ ಕಥೆಯಲ್ಲಿ ಎಲ್ಲರೂ ಅವಳ ಒಳ್ಳೆಯದನ್ನೇ ಬಯಸಿದವರು. ಶೈಜಾ ಚೇಚಿ, ಉಸಿರಾಟದ ಮೇಡಂ, ಮಾವ, ಅಮ್ಮ, ಕೈ ಅದುಮಿದ ಗಿರಿಜಕ್ಕ ಸಹ. ಒಂದು ಬಾಗಿಲನ್ನು ತೆರೆದಿಡಲು ಮಾತ್ರ ಇವರಲ್ಲಿ ಯಾರಿಗೂ ಆಗಲಿಲ್ಲ, ಆಗಬೇಕಾದವರಿಗೆ ಅದು ಕೆಲಸವೆಂದೇ ಅನ್ನಿಸಲಿಲ್ಲ.

“ಆ ಇಬ್ಬರು ಎಲ್ಲಿ ಓದ್ತಿದ್ದದ್ದು?” ಎಂದು ಕೇಳಿದೆ.

“ಒಬ್ಬಳು ಮಂಗಳೂರಲ್ಲಿ ನರ್ಸಿಂಗ್. ಇನ್ನೊಬ್ಬಳು ನಮ್ಮದೇ ಕಾಲೇಜು. ಮೆಕ್ಯಾನಿಕಲ್.”

ಹೆಸರು ಕೇಳಿದೆ. ಎಂತಕ್ಕೆ ಎಂದಳು. ಕೊಡು ಎಂದೆ. ಕೊಟ್ಟಳು. ಒಬ್ಬಳ ಗಂಡನ ಮನೆ ಕಾರಡ್ಕದ ಹತ್ತಿರ. ಮೆಕ್ಯಾನಿಕಲ್ ಓದುತ್ತಿದ್ದವಳದ್ದು ಬೆಳ್ಳೂರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಬರುವುದು ಅವರಿಗೂ ಬೇಕೋ ಬೇಡವೋ, ಮೊದಲು ಕೇಳಬೇಕು.

ಶಿಬಿರ ನಾಳೆ ಹತ್ತು ಗಂಟೆಗೆ. ಛಾಯಾಗ್ರಾಹಕರು ಹೋಗುತ್ತಾರೆ. ನಾನು ಬೆಳ್ಳೂರಿನ ಬಸ್ಸು ಹಿಡಿಯುತ್ತೇನೆ.